152 ಸಾಮಾನಿನ ಸ್ಕ್ರ್ಯಾಪ್‌ಬುಕ್ ಡಬ್ಬಿ: ಮೇಜಿನ ಮೇಲೆ ಉಳಿದದ್ದು ಆರು

ಡಬ್ಬಿಯ ಮುಚ್ಚಳದ ಮೇಲೆ ದೊಡ್ಡದಾಗಿ ‘152’ ಅಂತ ಅಚ್ಚಾಗಿತ್ತು. ಸ್ಕ್ರ್ಯಾಪ್‌ಬುಕ್‌ಗೆ ಬೇಕಾದದ್ದೆಲ್ಲ ಒಂದೇ ಕಡೆ, ಬೇರೇನೂ ಕೊಳ್ಳಬೇಕಿಲ್ಲ ಅನ್ನುವ ಮಾತು ಅದರ ಕೆಳಗೆ. ನನಗೆ ಎಣಿಸುವ ಚಟ. ಡಬ್ಬಿ ಬಂದ ದಿನವೇ ಎಲ್ಲವನ್ನೂ ನೆಲದ ಮೇಲೆ ಹರವಿಕೊಂಡು ಕೂತೆ. ಸುಳ್ಳು ಹೇಳಿರಲಿಲ್ಲ, ಸರಿಯಾಗಿ 152 ಇತ್ತು. ಆದರೆ ಅದರಲ್ಲಿ 96 ಸ್ಟಿಕ್ಕರ್! ಒಂದೊಂದು ನಕ್ಷತ್ರ, ಒಂದೊಂದು ಚಿಟ್ಟೆಯನ್ನೂ ಒಂದು ಸಾಮಾನು ಅಂತ ಲೆಕ್ಕಕ್ಕೆ ಹಿಡಿದಿದ್ದರು. ಉಳಿದ 56ರಲ್ಲಿ 20 ಬಣ್ಣದ ಹಾಳೆ, 8 ಸುರುಳಿ ಬಣ್ಣದ ಟೇಪು, ಫೋಟೋ ಸಿಕ್ಕಿಸುವ 16 ಮೂಲೆಗಳು. ಇಷ್ಟು ಕಳೆದ ಮೇಲೆ ಉಳಿಯುವುದೇ ನಿಜವಾದ ಸಾಮಾನು: ಆಲ್ಬಂ, ಕಾಗದ ಕೊಯ್ಯುವ ಟ್ರಿಮ್ಮರ್, ಮಡಿಕೆಯ ಗೆರೆ ಹಾಕುವ ಸ್ಕೋರಿಂಗ್ ಬೋರ್ಡ್, ಬೋನ್ ಫೋಲ್ಡರ್, ಕತ್ತರಿ, ಒಂದು ಬಾಟಲಿ ಅಂಟು, ಡಬಲ್ ಸೈಡ್ ಟೇಪು, ಒಂದು ಹಾಳೆ ತುಂಬ ಫೋಮ್ ಚೌಕಗಳು, ಎರಡು ಕಪ್ಪು ಪೆನ್ನು, ಇಂಕ್ ಪ್ಯಾಡ್, ಸ್ಟ್ಯಾಂಪ್‌ಗಳ ಒಂದು ಸೆಟ್. ಒಟ್ಟು ಹನ್ನೆರಡು.

ಇನ್ನು ಆ 16 ಮೂಲೆಗಳು. ಒಂದು ಫೋಟೋಗೆ ನಾಲ್ಕು ಮೂಲೆ ಬೇಕು. ಅಂದರೆ ನಾಲ್ಕೇ ಫೋಟೋ, ಅಲ್ವಾ? ಆಲ್ಬಂನಲ್ಲಿ ಇಪ್ಪತ್ತು ಪುಟ.

ನಾನು ಈ ಡಬ್ಬಿ ತರಿಸಿದ್ದು ಅಕ್ಕನಿಗಾಗಿ ಒಂದು ಆಲ್ಬಂ ಮಾಡೋಣ ಅಂತ. ನಮ್ಮಿಬ್ಬರ ಚಿಕ್ಕಂದಿನ ಫೋಟೋಗಳು, ಅವಳು ಹಾಸ್ಟೆಲಿನಿಂದ ಬರೆದ ಕಾಗದಗಳು, ಕೆಲವು ಬಸ್ ಟಿಕೆಟ್ಟು. ಬೇರೆ ಬೇರೆ ಅಂಗಡಿ ಅಲೆದು ಒಂದೊಂದೇ ಸಾಮಾನು ಆರಿಸುವ ತಾಳ್ಮೆ ಇರಲಿಲ್ಲ. ಕೆಲಸಕ್ಕೆ ಜೊತೆಯಾದವಳು ಅಕ್ಕನ ಮಗಳು, ಒಂಬತ್ತು ವರ್ಷದವಳು. ಅಮ್ಮನಿಗೆ ಹೇಳಬಾರದು ಅಂತ ಆಣೆ ಮಾಡಿಸಿಕೊಂಡು ಸೇರಿಸಿಕೊಂಡೆ. ನಾಲ್ಕು ತಿಂಗಳು ವಾರಕ್ಕೊಮ್ಮೆ ಕೂತು ಮಾಡಿದ ಮೇಲೆ ಬರೆಯುತ್ತಿದ್ದೇನೆ. ಡಬ್ಬಿ ತೆರೆದ ಸಂಭ್ರಮದಲ್ಲೇ ಬರೆದಿದ್ದರೆ ಐದಕ್ಕೆ ಐದು ಸ್ಟಾರ್ ಕೊಟ್ಟುಬಿಡುತ್ತಿದ್ದೆನೇನೋ.

ಮೊದಲು ಕಾಗದ. ನನ್ನ ದೊಡ್ಡ ತಕರಾರು ಇರುವುದೇ ಅಲ್ಲಿ. ಹಾಳೆಗಳು 30 ಸೆಂಟಿಮೀಟರ್ ಚೌಕ. ಡಬ್ಬಿಯ ಮೇಲೆ 250 ಜಿಎಸ್‌ಎಂ ಅಂತ ಇತ್ತು. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವುದು, ಅಷ್ಟೇ. ಪ್ರಿಂಟರಿಗೆ ಹಾಕುವ ಮಾಮೂಲಿ ಹಾಳೆ 80 ಜಿಎಸ್‌ಎಂ, ಎ4 ಅಳತೆಯ ಒಂದು ಹಾಳೆ 5 ಗ್ರಾಂ. ನಿಂತ ಕಾರ್ಡು, ಪುಟ್ಟ ಪೆಟ್ಟಿಗೆ, ಪುಟದಿಂದ ಎದ್ದು ಬರುವ ಪಾಪ್‌ಅಪ್ ಇಂಥದ್ದಕ್ಕೆಲ್ಲ 200ರ ಮೇಲೆ ಇದ್ದರೆ ಒಳ್ಳೆಯದು. ನನ್ನ ಕೈಗೆ ಈ ಹಾಳೆ ಯಾಕೋ ತೆಳ್ಳಗೆ ಅನ್ನಿಸಿತು. ಅಡುಗೆಮನೆಯ ತಕ್ಕಡಿ ತಂದು ಹತ್ತು ಹಾಳೆ ಇಟ್ಟೆ. ಹತ್ತು ಹಾಳೆ ಸೇರಿದರೆ 0.9 ಚದರ ಮೀಟರ್. 250 ಜಿಎಸ್‌ಎಂ ನಿಜವಾಗಿದ್ದರೆ 225 ಗ್ರಾಂ ತೂಗಬೇಕು. ತಕ್ಕಡಿ ತೋರಿಸಿದ್ದು 146. ಅಂದರೆ ಸುಮಾರು 162 ಜಿಎಸ್‌ಎಂ. ಮತ್ತೆ ಸೊನ್ನೆಗೆ ತಂದು ಉಳಿದ ಹತ್ತನ್ನೂ ತೂಗಿದೆ. ಒಂದು ಗ್ರಾಂ ಹೆಚ್ಚು ಕಡಿಮೆ, ಅದೇ ಕಥೆ. ಕಾಗದ ಕೊಳ್ಳುವವರು ಈ ಲೆಕ್ಕ ನೆನಪಿಟ್ಟುಕೊಳ್ಳಿ. ತಕ್ಕಡಿಗೆ ದಾಕ್ಷಿಣ್ಯ ಇಲ್ಲ.

ಎರಡನೇ ತಕರಾರು, ಈ ಹಾಳೆಗಳಿಗೆ ಬಣ್ಣ ಇರುವುದು ಮೇಲುಗಡೆ ಮಾತ್ರ. ಒಳಗೆ ಬಿಳಿ. ಹರಿದರೆ ಬಿಳಿ ಅಂಚು, ಮಡಿಸಿದರೆ ಮಡಿಕೆಯ ಉದ್ದಕ್ಕೂ ಬಿಳಿ ಗೆರೆ. ಗಾಢ ನೀಲಿ ಹಾಳೆಯಲ್ಲಂತೂ ಕಣ್ಣಿಗೆ ಹೊಡೆಯುತ್ತಿತ್ತು. ಮೊದಲು ಬೇಜಾರಾಯಿತು. ಆಮೇಲೆ ಅದನ್ನೇ ಬಳಸಿಕೊಂಡೆವು. ನುಣ್ಣನೆಯ ಸ್ಯಾಂಡ್ ಪೇಪರ್ ತಗೊಂಡು ಹಾಳೆಯ ಅಂಚನ್ನೂ ಮೂಲೆಯನ್ನೂ ಮೆಲ್ಲಗೆ ಉಜ್ಜಿದರೆ ಬಣ್ಣ ಸವೆದು ಬಿಳಿ ಇಣುಕುತ್ತದೆ, ಹತ್ತಾರು ವರ್ಷ ಯಾರದೋ ಕೈಯಲ್ಲಿ ಓಡಾಡಿದ ಹಾಳೆ ಥರ ಕಾಣುತ್ತದೆ. ಹಳೆಯ ಕಪ್ಪು ಬಿಳುಪು ಫೋಟೋ ಹಿಂದೆ ಇಡಲು ಇದಕ್ಕಿಂತ ಒಳ್ಳೆಯ ಹಿನ್ನೆಲೆ ಸಿಗಲಿಲ್ಲ. ಬಿಳಿ ಬೇಡ ಅನ್ನುವ ಕಡೆ ಇಂಕ್ ಪ್ಯಾಡನ್ನೇ ಅಂಚಿಗೆ ತಾಗಿಸಿ ಸವರಿದರೆ ಆಯಿತು. ಕಾಗದ ಮಧ್ಯಕ್ಕೆ ಹರಿದಾಗಲೂ ಒಂದು ಗುಟ್ಟಿದೆ. ಎರಡು ತುಂಡುಗಳಲ್ಲಿ ಒಂದರಲ್ಲಿ ಬಿಳಿ ಅಂಚು ಅಗಲವಾಗಿ ಕಾಣುತ್ತದೆ, ಇನ್ನೊಂದರಲ್ಲಿ ಅಷ್ಟು ಕಾಣುವುದಿಲ್ಲ. ಯಾವುದು ಬೇಕೋ ಅದನ್ನು ಇಟ್ಟುಕೊಳ್ಳಬಹುದು.

ಈಗ ಡಬ್ಬಿಯ ಒಳ್ಳೆಯ ಸುದ್ದಿ: ಸ್ಕೋರಿಂಗ್ ಬೋರ್ಡು, ಜೊತೆಗೆ ಬೋನ್ ಫೋಲ್ಡರ್. ಇವೆರಡನ್ನೇ ಮಾರಿದ್ದರೂ ನಾನು ಕೊಳ್ಳುತ್ತಿದ್ದೆ. ಬೋರ್ಡು ಅಂದರೆ ಗಟ್ಟಿ ಪ್ಲಾಸ್ಟಿಕ್ ಹಲಗೆ, ಅದರ ಮೇಲೆ ಅರ್ಧ ಸೆಂಟಿಮೀಟರಿಗೆ ಒಂದರಂತೆ ಉದ್ದುದ್ದ ಸಣ್ಣ ತಗ್ಗುಗೆರೆಗಳು. ಫೋಲ್ಡರ್ ಅಂದರೆ ಬೆರಳುದ್ದದ ಚಪ್ಪಟೆ ಕಡ್ಡಿ, ಒಂದು ತುದಿ ಚೂಪು, ಒಂದು ತುದಿ ದುಂಡು. ಹಿಂದೆ ಪ್ರಾಣಿಗಳ ಮೂಳೆಯಲ್ಲಿ ಮಾಡುತ್ತಿದ್ದುದರಿಂದ ಆ ಹೆಸರು. ಇದರಲ್ಲಿರುವುದು ಪ್ಲಾಸ್ಟಿಕ್, ಅದರಿಂದ ತೊಂದರೆಯೇನೂ ಆಗಲಿಲ್ಲ.

ಗಟ್ಟಿ ಕಾಗದವನ್ನು ಬರಿಗೈಯಲ್ಲಿ ಮಡಿಸಿದರೆ ಮಡಿಕೆ ಹಲ್ಲು ಹಲ್ಲಾಗಿ ಒಡೆಯುತ್ತದೆ. ಬೋರ್ಡಿನ ಎಡ ಅಂಚಿಗೆ ಹಾಳೆ ತಾಗಿಸಿ, ಬೇಕಾದ ಅಳತೆಯ ತಗ್ಗುಗೆರೆಯ ಮೇಲೆ ಫೋಲ್ಡರಿನ ಚೂಪು ತುದಿ ಇಟ್ಟು, ಮೇಲಿನಿಂದ ಕೆಳಕ್ಕೆ ಎಳೆಯಬೇಕು. ಒಂದೇ ಸಲ ಜೋರಾಗಿ ಒತ್ತಿದರೆ ಹರಿಯುತ್ತದೆ. ಹಗುರವಾಗಿ ಎರಡು ಸಲ. ಎರಡನೇ ಸಲ ಎಳೆಯುವಾಗ ಕಡ್ಡಿ ತಾನಾಗಿಯೇ ದಾರಿ ಹಿಡಿದು ಹೋಗುವುದು ಕೈಗೆ ಗೊತ್ತಾಗುತ್ತದೆ, ಸಣ್ಣಗೆ ಸರ್ ಅಂತ ಸದ್ದು ಬರುತ್ತದೆ. ಹಾಳೆ ಎತ್ತಿ ನೋಡಿದರೆ ಮೇಲೆ ತಗ್ಗು, ಹಿಂದೆ ಉಬ್ಬು. ಯಾವ ಕಡೆಗೆ ಮಡಿಸಬೇಕು? ನಾನು ಎಷ್ಟೋ ವರ್ಷ ತಪ್ಪಾಗಿಯೇ ಮಡಿಸುತ್ತಿದ್ದೆ. ತಗ್ಗು ಇರುವ ಕಡೆಗೇ ಮಡಿಸಬೇಕು ಅಂತ ಅನ್ನಿಸುತ್ತದೆ, ಆದರೆ ಅಲ್ಲ. ಹಾಳೆ ತಿರುಗಿಸಿ ಉಬ್ಬು ಒಳಗೆ ಬರುವಂತೆ ಮಡಿಸಬೇಕು. ಒತ್ತಿದ ಜಾಗದಲ್ಲಿ ಕಾಗದದ ಪದರಗಳು ಸಡಿಲವಾಗಿರುತ್ತವೆ. ಮಡಿಸಿದಾಗ ಉಬ್ಬು ಒಳಗೆ ಸೇರಿಕೊಳ್ಳುತ್ತದೆ, ಹೊರಮೈ ಜಾಸ್ತಿ ಹಿಗ್ಗಬೇಕಾಗಿ ಬರುವುದಿಲ್ಲ, ಅದಕ್ಕೇ ಒಡೆಯುವುದೂ ಕಡಿಮೆ. ಕೊನೆಯಲ್ಲಿ ಮಡಿಕೆಯ ಮೇಲೆ ಒಂದು ಚೂರು ಕಾಗದ ಇಟ್ಟು ಅದರ ಮೇಲಿಂದ ಫೋಲ್ಡರ್ ಉಜ್ಜಬೇಕು. ನೇರವಾಗಿ ಉಜ್ಜಿದರೆ ಬಣ್ಣದ ಮೇಲೆ ಹೊಳೆಯುವ ಪಟ್ಟೆ ಉಳಿಯುತ್ತದೆ.

ಇದರ ಜೊತೆ ಕಾಗದದ ನಾರಿನ ದಿಕ್ಕನ್ನೂ ನೋಡಿಕೊಳ್ಳಬೇಕು. ಕಾಗದ ತಯಾರಾಗುವ ಯಂತ್ರದಲ್ಲಿ ನಾರುಗಳು ಬಹುಪಾಲು ಯಂತ್ರ ಓಡುವ ದಿಕ್ಕಿಗೇ ಮಲಗುತ್ತವೆ. ಆ ದಿಕ್ಕಿನಲ್ಲಿ ಮಡಿಕೆ ಸಲೀಸು, ಅಡ್ಡಕ್ಕೆ ಕಿರಿಕಿರಿ. ಚೌಕ ಹಾಳೆ ನೋಡಿದರೆ ಏನೂ ತಿಳಿಯುವುದಿಲ್ಲ. ಹಾಳೆಯನ್ನು ಮಡಿಸದೆ ಸುಮ್ನೆ ಎರಡೂ ಕಡೆಗೆ ಬಾಗಿಸಿ ಅಂಗೈಯಿಂದ ಒತ್ತಿ ನೋಡಿ. ಯಾವ ಕಡೆ ಕಡಿಮೆ ತಿರುಗಿ ಒದೆಯುತ್ತದೋ ಆ ಬಾಗಿನ ಉದ್ದಕ್ಕೂ ನಾರು ಇದೆ ಅಂತ ಅರ್ಥ. ಹುಡುಗಿ ಇದನ್ನು ಎರಡೇ ದಿನದಲ್ಲಿ ಕಲಿತಳು. ಕಣ್ಣು ಮುಚ್ಚಿ ಹೇಳುತ್ತಿದ್ದಳು.

ಅಂಟಿನ ಬಾಟಲಿಗೆ ಬರೋಣ. ಬಿಳಿ ಪಿವಿಎ ಅಂಟು, ನೀರಿನಂತೆ ತೆಳು. ಮೊದಲ ಪುಟಕ್ಕೆ ಹಸಿರು ಹಾಳೆಯನ್ನು ರಟ್ಟಿನ ಮೇಲೆ ಪೂರ್ತಿ ಅಂಟಿಸಿ ಮಲಗಿದೆ. ಬೆಳಗ್ಗೆ ನೋಡಿದರೆ ರಟ್ಟು ದೋಣಿಯ ಹಾಗೆ ಬಾಗಿ ಕೂತಿತ್ತು. ನೀರು ಕುಡಿದ ನಾರು ಅಡ್ಡಕ್ಕೆ ಊದಿಕೊಳ್ಳುತ್ತದೆ. ಹಿಗ್ಗಿದ ಹಾಳೆ ರಟ್ಟಿಗೆ ಕಚ್ಚಿಕೊಂಡು, ಒಣಗಿ ಕುಗ್ಗುವಾಗ ರಟ್ಟನ್ನೂ ಎಳೆಯುತ್ತದೆ. ರಟ್ಟಿನ ಹಿಂದೆ ಅದೇ ದಿಕ್ಕಿನ ನಾರಿನ ಇನ್ನೊಂದು ಹಾಳೆ ಅಂಟಿಸಿದೆ. ಎರಡು ಕಡೆಯ ಎಳೆತ ಸರಿಹೋಗಿ, ದಪ್ಪ ಪುಸ್ತಕಗಳ ಅಡಿಯಲ್ಲಿ ಎರಡು ದಿನ ಇಟ್ಟ ಮೇಲೆ ಸಪಾಟಾಯಿತು. ಅಷ್ಟಕ್ಕೆ ಮುಗಿಯಲಿಲ್ಲ. ಇಂಕ್‌ಜೆಟ್ ಪ್ರಿಂಟರಿನಲ್ಲಿ ತೆಗೆದ ಒಂದು ಫೋಟೋ ಮೇಲೆ ಇದೇ ಅಂಟಿನ ಒಂದು ಹನಿ ಬಿತ್ತು. ಒರೆಸಿದರೆ ಅಕ್ಕನ ನೀಲಿ ಲಂಗ ಅವಳ ಮುಖಕ್ಕೇ ಹತ್ತಿಕೊಂಡಿತು. ಪುಣ್ಯಕ್ಕೆ ಅದು ನಕಲು. ಮೂಲ ಫೋಟೋ ಒಂದನ್ನೂ ನಾನು ಅಂಟಿಸಲಿಲ್ಲ. ಎಲ್ಲವನ್ನೂ ಸ್ಕ್ಯಾನ್ ಮಾಡಿ ಪ್ರಿಂಟ್ ಹಾಕಿಸಿದೆ. ಇಲ್ಲೇ ಬೇಕು ಅನ್ನಿಸಿದ ನಾಲ್ಕು ಮೂಲ ಫೋಟೋಗಳಿಗೆ ಆ 16 ಮೂಲೆಗಳು ಸರಿಯಾಗಿ ಸಾಕಾದವು! ಮೂಲೆಯಲ್ಲಿ ಅಂಟು ಇರುವುದು ಪುಟದ ಕಡೆಗೆ ಮಾತ್ರ, ಫೋಟೋಗೆ ಏನೂ ತಾಗುವುದಿಲ್ಲ. ಯಾವಾಗ ಬೇಕಾದರೂ ತೆಗೆಯಬಹುದು. 96 ಸ್ಟಿಕ್ಕರ್ ಬದಲು 96 ಮೂಲೆ ಕೊಟ್ಟಿದ್ದರೆ ಈ ಡಬ್ಬಿಯ ಮರ್ಯಾದೆಯೇ ಬೇರೆ ಇರುತ್ತಿತ್ತು.

ಡಬಲ್ ಸೈಡ್ ಟೇಪು ಚೆನ್ನಾಗಿತ್ತು. ಮೂರನೇ ವಾರಕ್ಕೆ ಖಾಲಿ. ಫೋಮ್ ಚೌಕಗಳೂ ಅಷ್ಟೇ. ಒಂದು ಚಿತ್ರವನ್ನು ಮೂರು ಪ್ರಿಂಟ್ ತೆಗೆದು, ಎರಡನೆಯದರಲ್ಲಿ ಮರವನ್ನಷ್ಟೇ, ಮೂರನೆಯದರಲ್ಲಿ ಮುಂದಿರುವ ಮನುಷ್ಯರನ್ನಷ್ಟೇ ಕತ್ತರಿಸಿ, ಫೋಮ್ ಮೇಲೆ ಒಂದರ ಮೇಲೊಂದು ಕೂರಿಸಿದರೆ ಫೋಟೋಗೆ ಆಳ ಬರುತ್ತದೆ. ಅಕ್ಕ ಮಾವಿನ ಮರದ ಕೆಳಗೆ ನಿಂತ ಫೋಟೋ ಹೀಗೆ ಮಾಡಿದ್ದು. ಇಡೀ ಆಲ್ಬಂನಲ್ಲಿ ನನಗೆ ಬಹಳ ಇಷ್ಟವಾದ ಪುಟ ಅದು.

ಟ್ರಿಮ್ಮರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೊದಲ ದಿನ ಚೆನ್ನಾಗಿ ಕೊಯ್ದಿತು. ನಲವತ್ತು ಸಲ ಆಗುವಷ್ಟರಲ್ಲಿ ಅಂಚು ಜುಂಗು ಜುಂಗಾಗಿ ಬರತೊಡಗಿತು, ಬದಲಿ ಬ್ಲೇಡ್ ಇಲ್ಲ. ಮೇಲಾಗಿ ನಾನು ಎಡಚಿ. ಟ್ರಿಮ್ಮರಿನ ಅಳತೆ ಪಟ್ಟಿ ಬಲಗೈಯವರಿಗೇ ಅನುಕೂಲ. ಕತ್ತರಿಯದೂ ಅದೇ ಪಾಡು. ಬಲಗೈ ಕತ್ತರಿಯನ್ನು ಎಡಗೈಯಲ್ಲಿ ಹಿಡಿದರೆ ಹೆಬ್ಬೆರಳಿನ ಒತ್ತಡಕ್ಕೆ ಎರಡು ಅಲಗು ಒಂದಕ್ಕೊಂದು ಕೂಡುವ ಬದಲು ದೂರ ಸರಿಯುತ್ತವೆ, ಕಾಗದ ನಡುವೆ ನುಲಿದುಕೊಳ್ಳುತ್ತದೆ. ಸಾಲದ್ದಕ್ಕೆ ಮೇಲಿನ ಅಲಗು ಗೆರೆಯನ್ನೇ ಮುಚ್ಚಿಬಿಡುತ್ತದೆ. ಶಾಲೆಯಲ್ಲಿ ನನ್ನನ್ನು ‘ಕೈ ಸರಿಯಿಲ್ಲ’ ಅಂತ ಬೈಯುತ್ತಿದ್ದರು. ಸರಿಯಿಲ್ಲದೆ ಇದ್ದದ್ದು ಕತ್ತರಿ.

ಕೊನೆಗೆ ನನ್ನ ಹಳೆಯ ಮುರಿಯುವ ಬ್ಲೇಡಿನ ಕಟರ್ ಮತ್ತು ಸ್ಟೀಲ್ ಸ್ಕೇಲನ್ನೇ ತೆಗೆದೆ. ಈ ಕಟರ್ ಜಪಾನಿನ ಯೋಶಿಯೋ ಓಕಾಡಾ 1956ರಲ್ಲಿ ಕಂಡುಹಿಡಿದದ್ದು. ಚಪ್ಪಲಿ ಮಾಡುವವರು ಗಾಜಿನ ಚೂರಿನಿಂದ ಕೊಯ್ಯುತ್ತ, ಮೊಂಡಾದಾಗ ಅದನ್ನೇ ಮುರಿದು ಹೊಸ ಅಂಚು ಪಡೆಯುವುದನ್ನು ನೋಡಿ ಹೊಳೆದ ಉಪಾಯವಂತೆ. ಓಲ್ಫಾ ಅನ್ನುವ ಹೆಸರಿಗೂ ಜಪಾನಿ ಭಾಷೆಯಲ್ಲಿ ‘ಮುರಿಯುವ ಅಲಗು’ ಅನ್ನುವ ಮಾತೇ ಮೂಲ. ತುದಿ ಮುರಿಯಲು ಜನ ಜಿಪುಣತನ ಮಾಡುತ್ತಾರೆ, ನಾನೂ ಮಾಡುತ್ತಿದ್ದೆ. ಮೊಂಡು ಬ್ಲೇಡಿಗೆ ಜಾಸ್ತಿ ಒತ್ತಬೇಕು, ಒತ್ತಿದಾಗಲೇ ಕೈ ಜಾರುವುದು. ಹುಡುಗಿಗೆ ಕಟರ್ ಮುಟ್ಟಲು ಬಿಡಲಿಲ್ಲ.

ಪಾಪ್‌ಅಪ್ ಮಾಡುವಾಗ ಒಂದು ಪೆಟ್ಟು ತಿಂದೆವು. 15 ಸೆಂಟಿಮೀಟರ್ ಅಗಲದ ಎರಡು ಪುಟಗಳ ಕಾರ್ಡು. ನಡು ಮಡಿಕೆಗೆ ಅಡ್ಡವಾಗಿ ಎರಡು ಸಮಾನ ಕೊಯ್ತ ಹಾಕಿ, ನಡುವಿನ ಪಟ್ಟಿಯನ್ನು ಮುಂದಕ್ಕೆ ತಳ್ಳಿದರೆ ಮೆಟ್ಟಿಲಿನ ಹಾಗೆ ಎದ್ದು ನಿಲ್ಲುತ್ತದೆ, ಅದಕ್ಕೆ ಫೋಟೋ ಅಂಟಿಸಬಹುದು. ನಾವು ಮಡಿಕೆಯಿಂದ ಎರಡೂ ಕಡೆಗೆ 8 ಸೆಂಟಿಮೀಟರ್ ಕೊಯ್ದೆವು. ತೆರೆದಾಗ ಭರ್ಜರಿ. ಮುಚ್ಚಿದಾಗ ಒಂದು ಸೆಂಟಿಮೀಟರ್ ನಾಲಿಗೆ ಹೊರಗೆ! ಮುಚ್ಚಿದಾಗ ಆ ಮೆಟ್ಟಿಲು ಕೊಯ್ತದ ಎರಡರಷ್ಟು ದೂರಕ್ಕೆ ಚಾಚುತ್ತದೆ ಅನ್ನುವುದು ತಲೆಗೇ ಹೋಗಿರಲಿಲ್ಲ. ಎಂಟರ ಎರಡರಷ್ಟು ಹದಿನಾರು, ಪುಟ ಹದಿನೈದು. ಮುಂದಿನ ಕಾರ್ಡಿಗೆ 7 ಇಟ್ಟೆವು. “ಚಿಕ್ಕಮ್ಮ, ಮಗ್ಗಿ ಬರಲ್ವಾ ನಿಮಗೆ?” ಅಂತ ಹುಡುಗಿ ಕೇಳಿದಳು.

ಸ್ಟ್ಯಾಂಪ್ ಸೆಟ್ ಬಗ್ಗೆ ನನಗೆ ಅನುಮಾನ ಇತ್ತು, ತಪ್ಪಾಯಿತು. ಪಾರದರ್ಶಕ ರಬ್ಬರಿನಂಥ ಎಲೆ, ಹೂವು, ಹಕ್ಕಿ. ಅಕ್ರಿಲಿಕ್ ತುಂಡಿಗೆ ಅಂಟಿಸಿ ಒತ್ತುವುದರಿಂದ ಎಲ್ಲಿ ಬೀಳುತ್ತದೆ ಅಂತ ಕಣ್ಣಿಗೆ ಕಾಣುತ್ತದೆ. ಹೊಸದರಲ್ಲಿ ಇಂಕು ನಿಲ್ಲದೆ ಹನಿ ಹನಿಯಾಗಿ ಸರಿಯುತ್ತಿತ್ತು. ಬಿಳಿ ರಬ್ಬರಿನಿಂದ ಸ್ಟ್ಯಾಂಪಿನ ಮೈಯನ್ನು ಒಮ್ಮೆ ಉಜ್ಜಿದ ಮೇಲೆ ಸರಿಹೋಯಿತು. ಕಾಗದದ ಕೆಳಗೆ ತೆಳು ಫೋಮ್ ಹಾಳೆ ಇಟ್ಟರೆ ಇನ್ನೂ ಒಳ್ಳೆಯದು. ನಮಗೆ ಹುಚ್ಚು ಹಿಡಿಸಿದ ತಂತ್ರ ಅಂದರೆ ಮಾಸ್ಕಿಂಗ್. ಹಾಳೆಯ ಮೇಲೆ ಹಕ್ಕಿ ಒತ್ತಿ, ಅದೇ ಹಕ್ಕಿಯನ್ನು ಸ್ಟಿಕಿ ನೋಟಿನ ಮೇಲೆ, ಹಿಂದೆ ಅಂಟಿರುವ ಜಾಗದಲ್ಲಿ, ಇನ್ನೊಮ್ಮೆ ಒತ್ತಿ ಗೆರೆಯ ಗುಂಟ ಕತ್ತರಿಸಿ, ಮೊದಲ ಹಕ್ಕಿಯ ಮೇಲೆ ಮುಚ್ಚಬೇಕು. ಅದರ ಮೇಲೇ ಎಲೆಗಳನ್ನು ಧಾರಾಳವಾಗಿ ಒತ್ತಿ, ಆಮೇಲೆ ನೋಟು ಕಿತ್ತರೆ ಹಕ್ಕಿ ಎಲೆಗಳ ಮುಂದೆ ಕೂತಿರುತ್ತದೆ. ಒಂದೇ ಎಲೆ ಸ್ಟ್ಯಾಂಪಿನಿಂದ ಒಂದು ಪೊದೆ.

ಬಣ್ಣದ ಟೇಪುಗಳನ್ನು ವಾಶಿ ಟೇಪು ಅಂತ ಕರೆದಿದ್ದಾರೆ. ವಾಶಿ ಅಂದರೆ ಜಪಾನಿನ ಕಾಗದ. ಈ ಟೇಪನ್ನು ಜನಪ್ರಿಯ ಮಾಡಿದ್ದು ಕಮೋಯಿ ಕಕೋಶಿ ಅನ್ನುವ ಕಂಪನಿ. 1923ರಲ್ಲಿ ನೊಣ ಹಿಡಿಯುವ ಅಂಟು ಕಾಗದ ಮಾಡುತ್ತ ಶುರುವಾದದ್ದು, 2008ರಲ್ಲಿ ಎಂಟಿ ಅನ್ನುವ ಹೆಸರಿನ ಬಣ್ಣದ ಟೇಪು ತಂದಿತು. ನಿಜವಾದ ವಾಶಿ ಟೇಪು ಬೆರಳಲ್ಲಿ ಹರಿಯುತ್ತದೆ, ಕಿತ್ತು ಮತ್ತೆ ಅಂಟಿಸಬಹುದು. ಡಬ್ಬಿಯಲ್ಲಿದ್ದದ್ದು ಎಳೆದರೆ ಉದ್ದವಾಯಿತೇ ಹೊರತು ಹರಿಯಲಿಲ್ಲ. ಪ್ಲಾಸ್ಟಿಕ್. ಉಡುಗೊರೆ ಪೊಟ್ಟಣಕ್ಕೆ ಬಳಸಿ ಮುಗಿಸಿದೆ.

ಬಾಳಿಕೆಯ ಮಾತು. ಡಬ್ಬಿಯ ಮೇಲೆ ‘ಆಸಿಡ್ ಫ್ರೀ’ ಅಂತ ಮೂರು ಕಡೆ ಇತ್ತು, ಅಂದರೆ ಕಾಗದವನ್ನು ಕಾಲಕ್ರಮೇಣ ಕೆಡಿಸುವ ಆಮ್ಲ ಇಲ್ಲ ಅಂತ. ನನ್ನ ಹತ್ತಿರ ಒಂದು ಪಿಎಚ್ ಪೆನ್ನಿದೆ. ಕಾಗದದ ಮೇಲೆ ಗೀರಿದರೆ ಆಮ್ಲ ಇದ್ದಲ್ಲಿ ಹಳದಿ, ಇಲ್ಲದಿದ್ದರೆ ನೇರಳೆ. ಹಾಳೆಗಳ ಬಿಳಿ ಬೆನ್ನಿಗೆ ಗೀರಿದೆ, ನೇರಳೆ ಬಂತು. ಆಲ್ಬಂ ಪುಟಗಳೂ ಪಾಸ್. ಈ ಒಂದು ವಿಷಯದಲ್ಲಿ ಮಾತು ಉಳಿಸಿಕೊಂಡಿದ್ದಾರೆ. ಆದರೆ ಪುಟ ಒಳ್ಳೆಯದಿದ್ದರೆ ಸಾಲದು, ಅದರೊಳಗೆ ನಾವು ಏನು ಇಡುತ್ತೇವೆ ಅನ್ನುವುದೂ ಬೇಕು. ಪತ್ರಿಕೆಯ ತುಣುಕಿನಲ್ಲಿ ಮರದಿಂದ ಬಂದ ಲಿಗ್ನಿನ್ ಅನ್ನುವ ವಸ್ತು ಇರುತ್ತದೆ, ತಾನೂ ಹಳದಿಯಾಗಿ ಪಕ್ಕದ್ದನ್ನೂ ಕೆಡಿಸುತ್ತದೆ. ಬಸ್ ಟಿಕೆಟ್ಟುಗಳಲ್ಲಿ ಕೆಲವು ಥರ್ಮಲ್ ಕಾಗದದವು (ಶಾಯಿಯಿಲ್ಲದೆ ಬಿಸಿಯಿಂದ ಅಕ್ಷರ ಮೂಡಿಸುವಂಥದ್ದು), ಅಕ್ಷರ ಆಗಲೇ ಅರ್ಧ ಮಾಸಿತ್ತು. ಎರಡನ್ನೂ ಒಳ್ಳೆಯ ಕಾಗದದ ಮೇಲೆ ನಕಲು ತೆಗೆದು ಹಾಕಿದೆ. ಫೋಟೋ ತೂರಿಸುವ ಪ್ಲಾಸ್ಟಿಕ್ ಜೇಬು ಕೊಳ್ಳುವವರು ಪಿವಿಸಿ ಬಿಟ್ಟು ಪಾಲಿಪ್ರೊಪಿಲೀನ್ ಅಂತ ಬರೆದಿರುವುದನ್ನು ನೋಡಿ ತಗೊಳ್ಳಿ.

ಪೆನ್ನುಗಳಿಗೆ ಸ್ವಲ್ಪ ಕ್ರೂರವಾದ ಪರೀಕ್ಷೆ ಕೊಟ್ಟೆ. ಪಕ್ಕದಲ್ಲಿ ಹೋಲಿಕೆಗೆ ನನ್ನ ಸಕುರಾ ಪಿಗ್ಮಾ ಮೈಕ್ರಾನ್ 05. ಅದರ ಗೆರೆ 0.45 ಮಿಲಿಮೀಟರ್. ಮೂರರಲ್ಲೂ ಬರೆದು ಒಣಗಿಸಿ ನಲ್ಲಿಯ ಕೆಳಗೆ ಹಿಡಿದೆ. ಒಂದೂ ಕದಡಲಿಲ್ಲ. ಆಮೇಲೆ ಅದೇ ಚೀಟಿಗೆ ನಾಲ್ಕು ಸ್ಟಿಕ್ಕರ್ ಅಂಟಿಸಿ, ಅರ್ಧ ಭಾಗಕ್ಕೆ ರಟ್ಟು ಮುಚ್ಚಿ, ಬಿಸಿಲು ಬೀಳುವ ಕಿಟಕಿಗೆ ಆರು ವಾರ ಅಂಟಿಸಿಟ್ಟೆ. ಪೆನ್ನಿನ ಕಪ್ಪು ಎರಡೂ ಕಡೆ ಒಂದೇ ಥರ. ನೇರಳೆ ಚಿಟ್ಟೆಯ ಒಂದು ರೆಕ್ಕೆ ನೇರಳೆ, ಇನ್ನೊಂದು ರೆಕ್ಕೆ ಬೂದಿ. ಇಂಕ್ ಪ್ಯಾಡಿನ ಬಣ್ಣವೂ ಅಷ್ಟೇ ಮಾಸಿತ್ತು, ಅದನ್ನೂ ಬದಲಾಯಿಸಿದೆ.

ಹೀಗೆ ಮೇಜಿನ ಮೇಲೆ ಉಳಿದದ್ದು ಆಲ್ಬಂ, ಸ್ಕೋರಿಂಗ್ ಬೋರ್ಡು, ಫೋಲ್ಡರ್, ಸ್ಟ್ಯಾಂಪ್ ಸೆಟ್, ಎರಡು ಪೆನ್ನು. ಆಲ್ಬಂ ರಟ್ಟು ಗಟ್ಟಿ, ಬೆನ್ನಿಗೆ ಸ್ಕ್ರೂ ಇರುವುದರಿಂದ ಬಿಚ್ಚಿ ಪುಟ ಸೇರಿಸಬಹುದು. ನಾನು ಐದರಲ್ಲಿ ಎರಡೂವರೆ ಕೊಡುತ್ತೇನೆ. ಮನೆಯಲ್ಲಿ ಒಂಬತ್ತು ವರ್ಷದವರು ಇದ್ದರೆ ಮೂರೂವರೆ ಅಂತ ಓದಿಕೊಳ್ಳಿ, ಯಾಕೆಂದರೆ ಹುಡುಗಿಯ ಲೆಕ್ಕದಲ್ಲಿ ಡಬ್ಬಿಯ ಅತ್ಯುತ್ತಮ ಸಾಮಾನು ಸ್ಟಿಕ್ಕರ್. ಎಡಚರಾಗಿದ್ದರೆ ಕತ್ತರಿ, ಟ್ರಿಮ್ಮರ್ ಎರಡನ್ನೂ ಲೆಕ್ಕಕ್ಕೇ ಹಿಡಿಯಬೇಡಿ.

ಕಾಗದದ ತೂಕದ ಬಗ್ಗೆ ಮಾರಿದವರಿಗೆ ಬರೆದಿದ್ದೆ. ತಕ್ಕಡಿಯ ಮೇಲೆ ಹತ್ತು ಹಾಳೆ ಇಟ್ಟು ತೆಗೆದ ಫೋಟೋ ಕೂಡ ಕಳಿಸಿದ್ದೆ. ಹತ್ತು ದಿನಕ್ಕೆ ತುಂಬ ವಿನಯದ ಕ್ಷಮಾಪಣೆ ಬಂತು, ಜೊತೆಗೆ ಒಂದು ಲಕೋಟೆ. ಕೈಗೆ ತೆಳ್ಳಗೆ ಹತ್ತಿತು. ಮೂಲೆಗಳಿರಬಹುದು ಅಂತ ಆಸೆಯಿಂದ ಹರಿದೆ. ಒಳಗೆ ಇನ್ನೂ 96 ಸ್ಟಿಕ್ಕರ್.